ತೂಕ ಒಂದೇ ಸಮನೆ ಇಳಿಯದಿದ್ದಾಗ: ಕೊಡಗಿನವರಿಗೆ ಒಂದು ಮಾರ್ಗದರ್ಶಿ

ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ಪುಸ್ತಕವೊಂದು ಇರುತ್ತದೆ. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಇಂಚು, ಸೆಂಟುಗಳಲ್ಲಿ ಬರೆಯುತ್ತಾರೆ. ಜುಲೈ ತಿಂಗಳ ನಡುವೆ ಒಂದು ದಿನ ಬಿಸಿಲು ಕಂಡಿತೆಂದು ಈ ವರ್ಷದ ಮಳೆ ಕೈಕೊಟ್ಟಿತು ಎಂದು ಆ ಮನೆಯವರು ಹೇಳುವುದಿಲ್ಲ. ತಿಂಗಳ ಮೊತ್ತ ನೋಡುತ್ತಾರೆ, ಹೋದ ವರ್ಷದ ಪುಟ ತಿರುವುತ್ತಾರೆ, ಆಮೇಲೆ ಮಾತಾಡುತ್ತಾರೆ. ಅದೇ ಮನೆಯಲ್ಲಿ ತೂಕ ಇಳಿಸಲು ಹೊರಟವರು ಮಾತ್ರ ಒಂದೇ ಬೆಳಗಿನ ಅಂಕಿಯನ್ನು ನೋಡಿ, ಮೂರು ವಾರದ ಶ್ರಮವೆಲ್ಲ ನೀರುಪಾಲಾಯಿತೆಂದು ಕೈಚೆಲ್ಲುವುದು ಸಾಮಾನ್ಯವಾಗಿದೆ.

ತೂಕ ಇಳಿಸುವ ವಿಷಯದಲ್ಲಿ ತಾಳ್ಮೆಯನ್ನು ಸ್ವಭಾವದ ಗುಣವೆಂದು ಹೇಳುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಅದು ಬಹುಮಟ್ಟಿಗೆ ಅಳತೆಯ ಪ್ರಶ್ನೆ. ಸರಿಯಾಗಿ ಅಳೆಯುವವನಿಗೆ, ಯಾವ ತಿಂಗಳಲ್ಲಿ ತೂಕ ನಿಲ್ಲುತ್ತದೆ ಅಥವಾ ಏರುತ್ತದೆ ಎಂದು ಮೊದಲೇ ಗೊತ್ತಿರುವವನಿಗೆ, ತಾಳ್ಮೆ ಅಷ್ಟು ಕಷ್ಟದ ಕೆಲಸವಲ್ಲ. ಈ ಲೇಖನವು ಈಗಾಗಲೇ ಊಟ ಮತ್ತು ನಡಿಗೆಯಲ್ಲಿ ಬದಲಾವಣೆ ಮಾಡಿಕೊಂಡು, ಫಲಿತಾಂಶ ಏರುಪೇರಾಗುತ್ತಿರುವುದರಿಂದ ಬೇಸತ್ತಿರುವ ವಯಸ್ಕರಿಗಾಗಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಇನ್ಸುಲಿನ್ ತೆಗೆದುಕೊಳ್ಳುವವರು ಹಾಗೂ ಹದಿನೆಂಟು ತುಂಬದವರು ವೈದ್ಯರ ಸಲಹೆಯಿಲ್ಲದೆ ತೂಕ ಇಳಿಸಲು ಹೋಗಬಾರದು.

ಮೊದಲ ಹೆಜ್ಜೆ: ಆ ಅಂಕಿಯೊಳಗೆ ಏನೇನಿದೆ ಎಂದು ತಿಳಿಯಿರಿ

ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ನೀರು ಯಾವುದು ಎಂಬ ಭೇದ ತಿಳಿಯದು. ಎಲುಬು, ಸ್ನಾಯು, ರಕ್ತ, ಕರುಳಿನಲ್ಲಿರುವ ಆಹಾರ, ಇವೆಲ್ಲದರಲ್ಲಿ ತುಂಬಿಕೊಂಡ ನೀರು, ಎಲ್ಲವನ್ನೂ ಸೇರಿಸಿ ಅದು ಒಂದೇ ಅಂಕಿ ತೋರಿಸುತ್ತದೆ. ಇವುಗಳಲ್ಲಿ ಕೊಬ್ಬು ಬಹಳ ನಿಧಾನವಾಗಿ ಬದಲಾಗುವಂಥದ್ದು. ನೀರು ಹೊತ್ತುಹೊತ್ತಿಗೂ ಬದಲಾಗುವಂಥದ್ದು. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ನಿನ್ನೆಯಿಂದ ಇವತ್ತಿಗೆ 800 ಗ್ರಾಂ ಏರಿದ್ದು ಪೂರ್ತಿ ಕೊಬ್ಬೇ ಆಗಿರಬೇಕಾದರೆ, ದೇಹಕ್ಕೆ ಬೇಕಾದುದಕ್ಕಿಂತ 6,000ಕ್ಕೂ ಹೆಚ್ಚು ಕ್ಯಾಲೊರಿಯನ್ನು ಒಂದೇ ದಿನದಲ್ಲಿ ತಿಂದಿರಬೇಕು. ಮದುವೆ ಮನೆಯಲ್ಲಿ ಹೊಟ್ಟೆ ಬಿರಿಯ ಉಂಡವರಿಗೂ ಅದು ಸುಲಭವಲ್ಲ.

ಹಾಗಾದರೆ ಏರಿದ್ದು ಏನು? ಅನ್ನ, ಅಕ್ಕಿರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟುಗಳಲ್ಲಿರುವ ಪಿಷ್ಟದ ಒಂದು ಪಾಲನ್ನು ದೇಹವು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತದೆ. ಹೀಗೆ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ತನ್ನೊಂದಿಗೆ ಹಿಡಿದಿಟ್ಟುಕೊಳ್ಳುತ್ತದೆ. ವಯಸ್ಕರ ದೇಹದಲ್ಲಿ ಇಂಥ ದಾಸ್ತಾನು ಸುಮಾರು 400–500 ಗ್ರಾಂ ಇರುತ್ತದೆ. ಆದ್ದರಿಂದಲೇ ಅನ್ನ ಕಡಿಮೆ ಮಾಡಿದ ಮೊದಲ ವಾರದಲ್ಲಿ ಒಂದೂವರೆ, ಎರಡು ಕಿಲೋ ಥಟ್ಟನೆ ಇಳಿಯುತ್ತದೆ. ಆ ಇಳಿಕೆಯ ಹೆಚ್ಚಿನ ಪಾಲು ನೀರು. ಮುಂದೆ ಎಷ್ಟೋ ಜನ ನಿರಾಶರಾಗುವುದಕ್ಕೆ ಈ ಮೊದಲ ವಾರವೇ ಮೂಲವೆಂದು ನನಗೆ ತೋರುತ್ತದೆ, ಏಕೆಂದರೆ ಎರಡು ಕಿಲೋ ಇಳಿದ ಸಂತೋಷದ ನಂತರ ಮೂರನೆಯ ವಾರದ 300 ಗ್ರಾಂ ಸೋಲಿನಂತೆ ಕಾಣುತ್ತದೆ, ಆದರೆ ನಿಜವಾದ ಕೊಬ್ಬು ಕರಗಿದ್ದು ಆ 300 ಗ್ರಾಮಿನಲ್ಲಿಯೇ.

ಉಪ್ಪಿನದು ಇನ್ನೊಂದು ಲೆಕ್ಕ. ದಿನಕ್ಕೆ 5 ಗ್ರಾಮಿಗಿಂತ ಹೆಚ್ಚು ಉಪ್ಪು ಬೇಡವೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ದೇಹದ ದ್ರವದಲ್ಲಿ ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಇರುವುದರಿಂದ, ಒಂದು ದಿನ ನಾಲ್ಕೈದು ಗ್ರಾಂ ಹೆಚ್ಚುವರಿ ಉಪ್ಪು ಒಳಸೇರಿದರೆ ಮೂತ್ರಪಿಂಡಗಳು ಅದನ್ನು ಹೊರಹಾಕುವವರೆಗೆ ಅರ್ಧ ಲೀಟರ್, ಅಂದರೆ ಅರ್ಧ ಕಿಲೋ ನೀರು ಒಳಗೇ ನಿಲ್ಲಬಹುದು. ಮಳೆಗಾಲದಲ್ಲಿ ಒಣಮೀನು ಸುಟ್ಟು ಗಂಜಿಯೂಟ ಮಾಡಿದ ಮರುದಿನ, ಉಪ್ಪಿನಕಾಯಿ ಹೆಚ್ಚು ಬಡಿಸಿಕೊಂಡ ಮರುದಿನ, ಯಂತ್ರ ಮೇಲೆ ತೋರಿಸಿದರೆ ಗಾಬರಿಯಾಗಬೇಕಾಗಿಲ್ಲ. ಹೆಂಗಸರಲ್ಲಿ ಮುಟ್ಟಿಗೆ ಮೊದಲಿನ ಕೆಲವು ದಿನ ಒಂದೆರಡು ಕಿಲೋ ನೀರು ನಿಲ್ಲುವುದುಂಟು. ಹೊಸದಾಗಿ ವ್ಯಾಯಾಮ ಆರಂಭಿಸಿ ಮೈಕೈ ನೋವು ಬಂದಾಗ ಸ್ನಾಯುಗಳು ನೀರು ಹಿಡಿಯುತ್ತವೆ. ಮಲಬದ್ಧತೆಯೂ ಅಂಕಿಯನ್ನು ಏರಿಸುತ್ತದೆ.

ಎರಡನೆಯ ಹೆಜ್ಜೆ: ದಿನದ ಅಂಕಿಯನ್ನು ಬರೆಯಿರಿ, ವಾರದ ಸರಾಸರಿಯನ್ನು ಓದಿರಿ

ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿ ಕುಡಿಯುವ ಮೊದಲು, ತೆಳುವಾದ ಬಟ್ಟೆಯಲ್ಲಿ ತೂಕ ನೋಡುವುದು ಒಳ್ಳೆಯ ಕ್ರಮ. ಡಿಸೆಂಬರಿನ ಚಳಿಯಲ್ಲಿ ಸ್ವೆಟರ್, ಶಾಲು, ಕಾಲುಚೀಲಗಳ ಸಮೇತ ನಿಂತರೆ ಒಂದು ಕಿಲೋದಷ್ಟು ಬಟ್ಟೆಯೇ ಸೇರಿಕೊಳ್ಳುತ್ತದೆ. ಹಳೆಯ ಮನೆಗಳ ಕಲ್ಲಿನ ನೆಲ ಎಲ್ಲ ಕಡೆ ಸಮವಾಗಿರುವುದಿಲ್ಲ. ಚಾಪೆ, ಜಮಖಾನೆಗಳ ಮೇಲಂತೂ ಯಂತ್ರ ಸರಿಯಾಗಿ ಕೂರುವುದೇ ಇಲ್ಲ. ಗಟ್ಟಿಯಾದ, ಸಮತಟ್ಟಾದ ಒಂದು ಜಾಗವನ್ನು ಆರಿಸಿ, ಯಂತ್ರವನ್ನು ಅಲ್ಲಿಂದ ಕದಲಿಸದಿರುವುದು ಮುಖ್ಯ. ಮಳೆಯ ಪುಸ್ತಕ ಇರುವ ಮನೆಯವರು ಅದರಲ್ಲೇ ಪಕ್ಕಕ್ಕೊಂದು ಗೆರೆ ಎಳೆದು ತೂಕವನ್ನೂ ಬರೆಯಬಹುದು, ಹೇಗೂ ಬೆಳಿಗ್ಗೆ ಆ ಪುಸ್ತಕ ಕೈಗೆ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಸೋಮವಾರದಿಂದ ಭಾನುವಾರದವರೆಗೆ ಒಬ್ಬರ ತೂಕ ಕ್ರಮವಾಗಿ 78.4, 78.9, 78.1, 78.6, 79.2, 78.3, 77.9 ಕಿಲೋ ಎಂದಿಟ್ಟುಕೊಳ್ಳಿ. ಗುರುವಾರ ನೆಂಟರ ಮದುವೆಯಿದ್ದುದರಿಂದ ಶುಕ್ರವಾರ 79.2 ಬಂದಿದೆ. ಏಳನ್ನೂ ಕೂಡಿ ಏಳರಿಂದ ಭಾಗಿಸಿದರೆ ಸರಾಸರಿ 78.5. ಮುಂದಿನ ವಾರದ ಅಂಕಿಗಳು 78.2, 78.8, 77.8, 78.0, 78.7, 77.9, 77.6; ಸರಾಸರಿ 78.1. ಅಂದರೆ ಈ ವ್ಯಕ್ತಿ ವಾರದಲ್ಲಿ ಸುಮಾರು 350 ಗ್ರಾಂ ಇಳಿದಿದ್ದಾರೆ, ಅದು ಒಳ್ಳೆಯ ಇಳಿಕೆ. ಆದರೆ ಇವರೇ ಮೊದಲ ವಾರದ ಬುಧವಾರ ಒಮ್ಮೆ, ಎರಡನೆಯ ವಾರದ ಶುಕ್ರವಾರ ಒಮ್ಮೆ ಮಾತ್ರ ಯಂತ್ರ ಹತ್ತಿದ್ದರೆ, 78.1 ಇದ್ದದ್ದು 78.7 ಆಯಿತು, ಒಂಬತ್ತು ದಿನ ಬಾಯಿ ಕಟ್ಟಿದ್ದಕ್ಕೆ 600 ಗ್ರಾಂ ಏರಿತು ಎಂದುಕೊಂಡು ಆ ರಾತ್ರಿಯೇ ಎಲ್ಲವನ್ನೂ ಬಿಟ್ಟುಬಿಡುತ್ತಿದ್ದರು.

ಸರಾಸರಿಯನ್ನೂ ವಾರದಿಂದ ವಾರಕ್ಕಲ್ಲದೆ ನಾಲ್ಕು ವಾರಕ್ಕೊಮ್ಮೆ ಹೋಲಿಸುವುದು ಇನ್ನೂ ಭದ್ರ. ಹೆಂಗಸರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ: ಈ ತಿಂಗಳ ಮುಟ್ಟಿನ ನಂತರದ ವಾರವನ್ನು ಹೋದ ತಿಂಗಳ ಅದೇ ವಾರದೊಂದಿಗೆ ಹೋಲಿಸಬೇಕು.

ದಿನವೂ ಅಂಕಿ ನೋಡಿದರೆ ಮನಸ್ಸು ಕೆಡುವವರು, ಅಂಕಿ ಏರಿದ ದಿನ ಊಟ ಬಿಡುವವರು ಯಂತ್ರವನ್ನು ಅಟ್ಟಕ್ಕೆ ಹಾಕಿ ಟೇಪು ಹಿಡಿಯುವುದು ಒಳ್ಳೆಯದು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳೆಯಬೇಕು. ಹದಿನೈದು ದಿನಕ್ಕೊಮ್ಮೆ ಅಳೆದರೆ ಸಾಕು. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಪಾಯ ಹೆಚ್ಚೆಂದು ಪರಿಗಣಿಸಲಾಗುತ್ತದೆ. ತೂಕ ನಿಂತ ತಿಂಗಳಲ್ಲಿಯೂ ಸುತ್ತಳತೆ ಒಂದೆರಡು ಸೆಂಟಿಮೀಟರ್ ಇಳಿಯುವುದುಂಟು. ಅಪರೂಪಕ್ಕೆ ತೊಡುವ ಬಟ್ಟೆಯೂ ಒಳ್ಳೆಯ ಸಾಕ್ಷಿ: ಹೋದ ಹುತ್ತರಿಯಲ್ಲಿ ಎದೆ, ಹೊಟ್ಟೆ ಬಿಗಿಯುತ್ತಿದ್ದ ಕುಪ್ಯ ಈ ಬಾರಿ ಸಲೀಸಾಗಿ ಕೂತರೆ ಅದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಮೂರನೆಯ ಹೆಜ್ಜೆ: ವರ್ಷದ ಪಟ್ಟಿಯನ್ನು ಮೊದಲೇ ಬರೆದುಕೊಳ್ಳಿ

ವಾರಕ್ಕೆ ಅರ್ಧ ಕಿಲೋ ಎಂಬ ಗುರಿಯನ್ನು ಎಲ್ಲ ಐವತ್ತೆರಡು ವಾರಗಳಿಗೂ ಹಚ್ಚಿದರೆ ಸೋಲು ಖಚಿತ. ಕೊಡಗಿನ ವರ್ಷ ಹಾಗೆ ಸಾಗುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಮದುವೆಗಳು, ಊರಿನ ನಮ್ಮೆಗಳು, ಕೌಟುಂಬಿಕ ಹಾಕಿ ಪಂದ್ಯಾಟ; ಒಂದೇ ವಾರದಲ್ಲಿ ಮೂರು ಊಟಕ್ಕೆ ಹೋಗಬೇಕಾದ ಸಂದರ್ಭ ಬರುತ್ತದೆ. ಜೂನಿನಿಂದ ಮಳೆ ಹಿಡಿದರೆ ನಡಿಗೆ ನಿಲ್ಲುತ್ತದೆ. ಕಕ್ಕಡ ತಿಂಗಳಲ್ಲಿ ಶುಭಕಾರ್ಯಗಳಿಲ್ಲದಿರುವುದರಿಂದ ಹೊರಗಿನ ಊಟ ಕಡಿಮೆ, ಆದರೆ ಆಗಸ್ಟ್ ಮೊದಲ ವಾರದಲ್ಲಿ ಕಕ್ಕಡ ಹದಿನೆಂಟರ ಮದ್ದುಪಾಯಸ, ಮದ್ದುಪುಟ್ಟು. ಸೆಪ್ಟೆಂಬರ್ ಆರಂಭದಲ್ಲಿ ಕೈಲ್ ಮುಹೂರ್ತದ ಪಂದಿಕರಿ, ಕಡಂಬುಟ್ಟು. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಹುತ್ತರಿಯ ತಂಬಿಟ್ಟು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು: ತೋಟ ಸುತ್ತುವವರಿಗೆ ನಡಿಗೆ ಸಿಗುತ್ತದೆ, ಆದರೆ ಕಣದ ಕೆಲಸದಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ ಜಾರಿ, ರಾತ್ರಿ ಎರಡು ಪಟ್ಟು ಹಸಿವಾಗುತ್ತದೆ. ಹೋಂಸ್ಟೇ ನಡೆಸುವವರ ಪಾಡು ಬೇರೆಯೇ. ರಜೆಯ ದಿನಗಳಲ್ಲಿ ಅತಿಥಿಗಳಿಗೆ ಮಾಡಿದ ಅಡುಗೆಯ ರುಚಿ ನೋಡುವುದರಲ್ಲೇ ಒಂದು ಊಟ ಮುಗಿದಿರುತ್ತದೆ.

ಹೀಗೆ ಒಂದು ಕಾಲವು ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಳ್ಳುತ್ತದೆ. ಆದುದರಿಂದ ಕ್ಯಾಲೆಂಡರ್ ಮುಂದಿಟ್ಟುಕೊಂಡು ನಿಮ್ಮ ಮನೆಯ ಮಟ್ಟಿಗೆ ಯಾವುದು ಇಳಿಸುವ ತಿಂಗಳು, ಯಾವುದು ಇದ್ದಷ್ಟನ್ನು ಕಾಯ್ದುಕೊಳ್ಳುವ ತಿಂಗಳು ಎಂದು ಗುರುತು ಹಾಕಿರಿ. ಮೇ ತಿಂಗಳ ಕೊನೆಗೆ ಏಪ್ರಿಲ್ ಒಂದರ ತೂಕವೇ ಇದ್ದರೆ ಅದನ್ನು ಗೆಲುವೆಂದೇ ಬರೆಯಬೇಕು. 80 ಕಿಲೋ ಇರುವವರು ಒಂದು ವರ್ಷದಲ್ಲಿ 4ರಿಂದ 8 ಕಿಲೋ, ಅಂದರೆ ಶೇಕಡಾ 5ರಿಂದ 10ರಷ್ಟು ಇಳಿಸಿ ಅದನ್ನು ಉಳಿಸಿಕೊಂಡರೂ ರಕ್ತದೊತ್ತಡ ಮತ್ತು ಸಕ್ಕರೆಯ ಅಂಕಿಗಳಲ್ಲಿ ಸುಧಾರಣೆ ಕಾಣಲು ಸಾಮಾನ್ಯವಾಗಿ ಅಷ್ಟೇ ಸಾಕಾಗುತ್ತದೆ. ಐದಾರು ಇಳಿಸುವ ತಿಂಗಳು ಸಿಕ್ಕರೂ ಈ ಗುರಿ ಮುಟ್ಟಬಹುದು. ತಿಂಗಳಿಗೆ ಹತ್ತು ಕಿಲೋ ಇಳಿಸಿಕೊಡುತ್ತೇವೆಂದು ಪುಡಿ ಮಾರುವವರು ಪ್ರತಿ ಪಟ್ಟಣದಲ್ಲೂ ಇದ್ದಾರೆ. ಅಷ್ಟು ವೇಗದ ಇಳಿಕೆಯಲ್ಲಿ ಸ್ನಾಯು ನಷ್ಟವಾಗುವುದಲ್ಲದೆ ಪಿತ್ತಕೋಶದಲ್ಲಿ ಕಲ್ಲುಂಟಾಗುವ ಸಂಭವವೂ ಹೆಚ್ಚುತ್ತದೆ.

ನಾಲ್ಕನೆಯ ಹೆಜ್ಜೆ: ನಿಮ್ಮ ಕೈಯಲ್ಲಿರುವುದನ್ನು ಎಣಿಸಿ

ನಾಳೆ ಬೆಳಿಗ್ಗೆ ಯಂತ್ರ ಏನು ತೋರಿಸುತ್ತದೆಂಬುದು ನಿಮ್ಮ ಕೈಯಲ್ಲಿಲ್ಲ. ಇವತ್ತು ಎಷ್ಟು ಹೊತ್ತು ನಡೆದಿರಿ, ಎಷ್ಟು ಕಾಫಿ ಕುಡಿದಿರಿ ಎಂಬುದು ಇದೆ. ಪುಸ್ತಕದಲ್ಲಿ ತೂಕದ ಪಕ್ಕ ಮೂರು ಕೆಲಸಗಳಿಗೆ ಜಾಗ ಮಾಡಿ, ಮಾಡಿದ ದಿನ ಗುರುತು ಹಾಕುತ್ತ ಹೋಗಿರಿ. ಮೂರಕ್ಕಿಂತ ಹೆಚ್ಚು ಇಟ್ಟುಕೊಂಡವರು ಹದಿನೈದು ದಿನದಲ್ಲಿ ಪುಸ್ತಕವನ್ನೇ ಬಿಡುತ್ತಾರೆ.

ಒಂದು ಕೆಲಸ ನಡಿಗೆಯಾಗಿರಲಿ. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಡಿಕೇರಿಯಂಥ ಏರುತಗ್ಗಿನ ಊರಿನಲ್ಲಿ ಮಾರುಕಟ್ಟೆಗೆ ಹೋಗಿ ಬರುವುದೇ ಅರ್ಧ ವ್ಯಾಯಾಮ, ಆದರೆ ಮಂಡಿನೋವಿರುವವರು ಇಳಿಜಾರಿನಲ್ಲಿ ಬೇಗ ಬೇಗ ಇಳಿಯಬಾರದು. ಸಿದ್ದಾಪುರ, ಮಾಲ್ದಾರೆ, ತಿತಿಮತಿಯ ಕಡೆಯವರಿಗೆ ಬೇರೆ ಊರಿನವರು ಕೊಡುವ ‘ಬೆಳಗಿನ ಜಾವ ಐದಕ್ಕೆ ಎದ್ದು ನಡೆಯಿರಿ’ ಎಂಬ ಬುದ್ಧಿವಾದ ಸಲ್ಲದು. ಆನೆಗಳು ತೋಟದ ದಾರಿಯಲ್ಲಿರುವ ಹೊತ್ತದು. ಬಿಸಿಲೇರಿದ ಮೇಲೆ, ಜನ ಓಡಾಡುವ ರಸ್ತೆಯಲ್ಲಿ, ಸಾಧ್ಯವಾದರೆ ಇಬ್ಬರು ಮೂವರಾಗಿ ನಡೆಯುವುದು ಲೇಸು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ವ್ಯವಸ್ಥೆ ಬೇಕೇ ಬೇಕು: ಜಗಲಿಯ ಉದ್ದಕ್ಕೂ ಹತ್ತು ಹತ್ತು ನಿಮಿಷದಂತೆ ಮೂರು ಬಾರಿ ನಡೆಯುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಐದು ಲೀಟರಿನ ಕ್ಯಾನಿಗೆ ನೀರು ತುಂಬಿ ಎತ್ತಿಳಿಸುವುದು. ಇವು ಸಣ್ಣ ಕೆಲಸಗಳಂತೆ ಕಂಡರೂ ತೂಕ ಇಳಿಯುವಾಗ ಸ್ನಾಯು ಕರಗದಂತೆ ತಡೆಯುವುದು ಇಂಥವೇ.

ಇನ್ನೊಂದು ಕೆಲಸ ಕಾಫಿಗೆ ಸಂಬಂಧಿಸಿರಲಿ, ಏಕೆಂದರೆ ನಮ್ಮ ಕಡೆ ಕಾಫಿಯನ್ನು ಯಾರೂ ಆಹಾರವೆಂದು ಎಣಿಸುವುದಿಲ್ಲ. ಬೆಲ್ಲದ ಕಾಫಿ ಸಕ್ಕರೆಯ ಕಾಫಿಗಿಂತ ಹಗುರವೆಂಬ ನಂಬಿಕೆಯೂ ಬಲವಾಗಿದೆ. ಎರಡರಲ್ಲೂ ಗ್ರಾಮಿಗೆ ಸುಮಾರು 4 ಕ್ಯಾಲೊರಿಯೇ. ಲೋಟಕ್ಕೆ 10 ಗ್ರಾಂ ಬೆಲ್ಲದಂತೆ ದಿನಕ್ಕೆ ಐದು ಲೋಟ ಕುಡಿದರೆ ಹಾಲಿನ ಲೆಕ್ಕ ಬಿಟ್ಟು 200 ಕ್ಯಾಲೊರಿ ಆಯಿತು. ಬೆಲ್ಲವನ್ನು ಅರ್ಧಕ್ಕೆ ಇಳಿಸಿ, ಸಂಜೆಯ ನಂತರದ ಒಂದು ಲೋಟ ಬಿಟ್ಟರೆ ನಿದ್ದೆಯೂ ಸುಧಾರಿಸುತ್ತದೆ.

ಮೂರನೆಯದನ್ನು ನೀವೇ ಆರಿಸಿಕೊಳ್ಳಿ. ಪ್ರತಿ ಊಟದಲ್ಲೂ ಮೊಟ್ಟೆ, ಮೀನು, ಬೇಳೆ, ಮೊಸರು ಇವುಗಳಲ್ಲೊಂದು ಇರಬೇಕೆಂಬ ನಿಯಮ ಹಸಿವನ್ನು ಹದದಲ್ಲಿಡುತ್ತದೆ. ಕಾಚಂಪುಳಿ ಹೆಚ್ಚು ಹಾಕಿದರೆ ಕೊಬ್ಬು ಕರಗುತ್ತದೆಂದು ನಂಬಿ ಅದನ್ನೇ ಮೂರನೆಯ ಕೆಲಸವನ್ನಾಗಿ ಮಾಡಿಕೊಳ್ಳಬೇಡಿ. ಅದರ ಹಣ್ಣಿನ ಸಾರವನ್ನು ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಮಾತ್ರೆ ಮಾಡಿ ಲೋಕವೆಲ್ಲ ಮಾರುತ್ತಾರೆ, ನಿಜ; ಆದರೆ ಅದರಿಂದ ಹೇಳಿಕೊಳ್ಳುವಷ್ಟು ತೂಕ ಇಳಿದದ್ದಕ್ಕೆ ಗಟ್ಟಿಯಾದ ಆಧಾರವಿಲ್ಲ, ಅಂಥ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಮಾತ್ರ ದಾಖಲಾಗಿವೆ. ಪಂದಿಕರಿಗೆ ಹುಳಿ, ಬಣ್ಣ ಕೊಡುವ ಮಟ್ಟಿಗೆ ಕಾಚಂಪುಳಿ ಇರಲಿ.

ಐದನೆಯ ಹೆಜ್ಜೆ: ಹಬ್ಬದ ಎಲೆ ಮತ್ತು ಹಬ್ಬದ ಮರುದಿನ

ಹಬ್ಬದ ದಿನ ಉಪವಾಸ ಕೂರುವುದು ಬೇಡ, ಅದು ನಡೆಯುವ ಮಾತೂ ಅಲ್ಲ. ಬಡಿಸುವ ಹಿರಿಯರು “ಇನ್ನೆರಡು ಹಾಕ್ಕೊ ಮಗಾ, ಏನೂ ತಿಂದೇ ಇಲ್ಲ” ಎನ್ನುವುದನ್ನು ತಪ್ಪಿಸಲಾಗದು. ಎರಡನೆಯ ಬಾರಿ ಬಡಿಸುತ್ತಾರೆಂಬುದು ಗೊತ್ತೇ ಇರುವುದರಿಂದ ಮೊದಲ ಬಾರಿ ಎರಡು ಕಡಂಬುಟ್ಟು ಮಾತ್ರ ಹಾಕಿಸಿಕೊಂಡು, ಎರಡನೆಯ ಸಲಕ್ಕೆ ಜಾಗ ಉಳಿಸಿಕೊಂಡರೆ ಅವರ ಮಾತಿಗೂ ಬೆಲೆ ಬಂತು, ನಿಮ್ಮ ಲೆಕ್ಕವೂ ತಪ್ಪಲಿಲ್ಲ. ಮದ್ಯ ಸೇವಿಸುವವರು 60 ಮಿಲಿಲೀಟರಿನ ಒಂದು ಪೆಗ್ಗಿಗೆ ಸುಮಾರು 140 ಕ್ಯಾಲೊರಿ ಎಂದು ನೆನಪಿಡಬೇಕು. ಅದರ ಜೊತೆಗೆ ಬರುವ ಕರಿದ ತಿಂಡಿಯ ಲೆಕ್ಕ ಬೇರೆ.

ಕೆಡುವುದು ಹಬ್ಬದ ದಿನಕ್ಕಿಂತ ಮರುದಿನ. ಯಂತ್ರ ಒಂದೂವರೆ ಕಿಲೋ ಹೆಚ್ಚು ತೋರಿಸುತ್ತದೆ, ಪ್ರಾಯಶ್ಚಿತ್ತವೆಂದು ಬೆಳಗಿನ ತಿಂಡಿ ಬಿಡುತ್ತಾರೆ, ಮಧ್ಯಾಹ್ನ ಮೊಸರನ್ನ ಮಾತ್ರ ತಿನ್ನುತ್ತಾರೆ, ರಾತ್ರಿ ಎಂಟಕ್ಕೆ ಹಸಿವು ತಡೆಯದೆ ಉಳಿದ ಪಂದಿಕರಿಯ ಪಾತ್ರೆ ತೆರೆಯುತ್ತಾರೆ. ಹಾಗೆ ಮಾಡದೆ ಮರುದಿನದ ಮೊದಲ ಊಟವನ್ನೇ ಎಂದಿನಂತೆ ಮಾಡಿರಿ, ಅರ್ಧ ಗಂಟೆ ನಡೆಯಿರಿ, ಅಂಕಿಯನ್ನು ಬರೆದು ಪಕ್ಕದಲ್ಲಿ ‘ಹಬ್ಬ’ ಎಂದು ಗುರುತು ಹಾಕಿರಿ. ಮೂರು ನಾಲ್ಕು ದಿನಗಳಲ್ಲಿ ನೀರು ಇಳಿದು ಅಂಕಿ ಹಿಂದಿನ ಜಾಗಕ್ಕೆ ಬರುತ್ತದೆ. ಉಳಿದ ಕರಿಯನ್ನು ನೆಂಟರಿಗೆ ಕಟ್ಟಿಕೊಟ್ಟು ಕಳುಹಿಸುವುದೂ ಒಂದು ಉಪಾಯ.

ಜನರ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಳಿಯದಿದ್ದರೆ “ಇನ್ನೂ ಹಾಗೇ ಇದ್ದೀಯಲ್ಲ” ಎನ್ನುತ್ತಾರೆ, ಇಳಿದರೆ “ಸೊರಗಿದ್ದೀಯಲ್ಲ, ಹುಷಾರಿಲ್ವಾ?” ಎನ್ನುತ್ತಾರೆ. ಪುಸ್ತಕದ ಅಂಕಿಯನ್ನು ಮನೆಯ ಒಬ್ಬರಿಗೆ ಮಾತ್ರ ತೋರಿಸಿದರೆ ಸಾಕು.

ಆರನೆಯ ಹೆಜ್ಜೆ: ನಾಲ್ಕು ವಾರ ನಿಂತೇ ಹೋದರೆ

ಸರಾಸರಿಯೂ ಸುತ್ತಳತೆಯೂ ನಾಲ್ಕು ವಾರ ಕದಲದಿದ್ದರೆ ಅದು ನಿಜವಾದ ನಿಲುಗಡೆ. ಅದಕ್ಕೆ ಕಾರಣವಿದೆ. ಆರು ಕಿಲೋ ಇಳಿದ ದೇಹವನ್ನು ನಡೆಸಲು ಮೊದಲಿಗಿಂತ ದಿನಕ್ಕೆ ಸುಮಾರು 100–150 ಕ್ಯಾಲೊರಿ ಕಡಿಮೆ ಸಾಕಾಗುತ್ತದೆ. ಮೊದಲ ತಿಂಗಳಲ್ಲಿ ತೂಕ ಇಳಿಸಿದ ಊಟವೇ ಈಗ ತೂಕವನ್ನು ನಿಲ್ಲಿಸುವ ಊಟವಾಗಿರುತ್ತದೆ. ಅದರ ಮೇಲೆ ದೇಹವು ಹಸಿವನ್ನು ಹೆಚ್ಚಿಸುತ್ತದೆ, ನಮಗೇ ತಿಳಿಯದಂತೆ ಓಡಾಟವನ್ನು ಕಡಿಮೆ ಮಾಡಿಸುತ್ತದೆ.

ಇಂಥ ಸಂದರ್ಭದಲ್ಲಿ ತಟ್ಟೆಯ ಮೇಲೆ ಕೋಪ ತೋರಿಸುವ ಬದಲು ಎಣ್ಣೆಯ ಡಬ್ಬಿ ನೋಡುವುದು ಹೆಚ್ಚು ಫಲ ಕೊಡುತ್ತದೆ. ನಾಲ್ವರಿರುವ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿದ್ದರೆ ಒಬ್ಬರಿಗೆ ದಿನಕ್ಕೆ ಸುಮಾರು 42 ಮಿಲಿಲೀಟರ್ ಆಯಿತು. ಅದನ್ನು ಮೂರು ಲೀಟರಿಗೆ ಇಳಿಸಿದರೆ 25 ಮಿಲಿಲೀಟರ್. ತಲಾ ಸುಮಾರು 135 ಕ್ಯಾಲೊರಿ ಉಳಿತಾಯ, ಅಂದರೆ ನಿಲುಗಡೆಗೆ ಕಾರಣವಾದ ಆ 100–150ರಷ್ಟೇ. ಯಾರ ತಟ್ಟೆಯ ಅನ್ನವನ್ನೂ ಕಸಿಯದೆ, ಇಡೀ ಮನೆಗೆ ಅನುಕೂಲವಾಗುವ ಬದಲಾವಣೆ ಇದು. ಪಂದಿಕರಿಯಲ್ಲಿ ನೆಣ ಕಡಿಮೆಯಿರುವ ತುಂಡುಗಳನ್ನು ಆರಿಸುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಮನಸ್ಸು ದಣಿದಿದ್ದರೆ ಇನ್ನೊಂದು ದಾರಿಯಿದೆ: ಮೂರು ನಾಲ್ಕು ವಾರ ಇಳಿಸುವ ಪ್ರಯತ್ನವನ್ನೇ ನಿಲ್ಲಿಸಿ, ಬರೆಯುವುದನ್ನು ಮತ್ತು ನಡಿಗೆಯನ್ನು ಮಾತ್ರ ಮುಂದುವರಿಸಿ, ಇದ್ದ ತೂಕವನ್ನು ಕಾಯ್ದುಕೊಳ್ಳುವುದು. ಇದನ್ನು ಹಿನ್ನಡೆಯೆಂದು ನಾನು ಕರೆಯಲಾರೆ. ತೂಕ ಇಳಿಸಿದವರು ಕೊನೆಗೆ ಜೀವಮಾನವಿಡೀ ಮಾಡಬೇಕಾದದ್ದು ಇದೇ ಅಭ್ಯಾಸ.

ಏಳನೆಯ ಹೆಜ್ಜೆ: ವೈದ್ಯರನ್ನು ಕಾಣಬೇಕಾದ ಸಂದರ್ಭ

ಎಲ್ಲವನ್ನೂ ಸರಿಯಾಗಿ ಮಾಡಿಯೂ ಎರಡು ಮೂರು ತಿಂಗಳು ಬದಲಾವಣೆ ಕಾಣದಿದ್ದರೆ, ಜೊತೆಗೆ ಸದಾ ಸುಸ್ತು, ಚಳಿ ತಡೆಯದಿರುವಿಕೆ, ಮಲಬದ್ಧತೆ, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಸ್ಟೀರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಯ ಹಾಗೂ ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ತೂಕ ಏರಿಸುವಂಥವು. ಅವನ್ನು ತಾವಾಗಿ ನಿಲ್ಲಿಸದೆ ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಬೇಕು. ಜೋರಾದ ಗೊರಕೆ, ಹಗಲಿನಲ್ಲಿ ತೂಕಡಿಕೆ ಇರುವವರು ಅದನ್ನೂ ತಿಳಿಸಬೇಕು. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿ, ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುವಂತಾದರೆ ಅದು ಹಬ್ಬದ ನೀರಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು. ಯಾವ ಪ್ರಯತ್ನವೂ ಇಲ್ಲದೆ ತೂಕ ತಾನಾಗಿ ಇಳಿಯತೊಡಗಿದರೂ ತಪಾಸಣೆ ಅಗತ್ಯ.

ಬಿಪಿ ಮತ್ತು ಸಕ್ಕರೆಯ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ಈಗಾಗಲೇ ಈ ಕಾಯಿಲೆಗಳಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ತೂಕ ಇಳಿಯುತ್ತ ಹೋದಂತೆ ಒಂದು ವಿಷಯವನ್ನು ಗಮನಿಸಬೇಕು: ಹಳೆಯ ಪ್ರಮಾಣದ ಮಾತ್ರೆ ಈಗ ಹೆಚ್ಚಾಗಿ, ಎದ್ದು ನಿಂತಾಗ ತಲೆಸುತ್ತು ಬರಬಹುದು ಅಥವಾ ಊಟಕ್ಕೆ ಮೊದಲು ಕೈ ನಡುಗಿ ಬೆವರು ಬರಬಹುದು. ಹಾಗಾದಾಗ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಬಿಡದೆ, ಕಳೆದ ಎರಡು ತಿಂಗಳ ತೂಕದ ಸರಾಸರಿಗಳನ್ನೂ ಬಿಪಿ, ಸಕ್ಕರೆಯ ಅಂಕಿಗಳನ್ನೂ ಬರೆದುಕೊಂಡು ಹೋಗಿ ವೈದ್ಯರಿಂದ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು.